ಒಂದು ಪದದ ಜಾಗ

ತಮ್ಮಾ,

ಸಾಮಾನಿನ ದೋಣಿಯಲ್ಲಿ ಈ ಪತ್ರ ನಿನ್ನ ದ್ವೀಪ ಮುಟ್ಟಿದ ಕೂಡಲೇ ಹವಾಮಾನ ಕೇಂದ್ರದ ರೇಡಿಯೋವನ್ನು, ಸಂಕೇತ ನಿಧಾನವಾಗಿ ಕಳಿಸುವ ಮಾಡ್ಯುಲೇಶನ್‌ಗೆ ಬದಲಾಯಿಸು. ಇಲ್ಲಿ ದಡದ ಕೇಂದ್ರದಲ್ಲಿ ನಾನಾಗಲೇ ಬದಲಾಯಿಸಿದ್ದೇನೆ. ನೀನೂ ಬದಲಾಯಿಸುವ ತನಕ ನನ್ನ ಪರದೆಯಲ್ಲಿ ಏನೂ ಮೂಡುವುದಿಲ್ಲ. ಮೋಡದ ಫೋಟೋ ಬರಲು ವೇಗದ್ದೇ ಬೇಕೆಂದು ಇಲ್ಲಿನ ಸಾಹೇಬರ ಹಟ. ಗಾಳಿ ಎದ್ದರೆ ವೇಗದ್ದರಲ್ಲಿ ಬರುವುದೆಲ್ಲ ಬರೀ ಕಸ. ನಿಧಾನದ್ದು ಗದ್ದಲದಲ್ಲೂ ಬಿಡಿಸಿ ಬಿಡಿಸಿ ಹೇಳುತ್ತದೆ. "ಮೊದ್ಲು ಅಂಕಿಯಾದ್ರೂ ನೆಟ್ಟಗೆ ಬರ್ಲಿ ಸಾರ್" ಅಂದೆ. ಮುಖ ಊದಿಸಿಕೊಂಡಿದ್ದಾರೆ.

ಕೂತಲ್ಲಿ ಕೂರಲಾಗುತ್ತಿಲ್ಲ ಕಣೋ. ನೀನು ಅಮ್ಮನ ಜೊತೆ ಜಗಳವಾಡಿ ಹೋದಾಗಿನಿಂದ ಅವಳು ನಿನ್ನ ಹೆಸರೆತ್ತಿಲ್ಲ. ಗಳಿಗೆಗೊಮ್ಮೆ ಫೋನ್ ಮಾಡಿ, "ಅಲ್ಲಿ ಗಾಳಿ ಹೇಗಿದ್ಯಂತೆ?" ಅಂತ ಮಾತ್ರ ಕೇಳುತ್ತಾಳೆ.

ನೀನು ಕಳಿಸುವ ಅಂಕಿಗಳ ಕೊನೆಗೆ ಒಂದು ಪದಕ್ಕೆ ಜಾಗ ಬಿಟ್ಟಿದ್ದೇನೆ. ಅಲ್ಲಿ ಹವಾಮಾನ ಬರೆಯಬೇಡ. "ಅಮ್ಮಾ" ಅಂತ ಬರಿ.

ಪರದೆಯಿಂದ ಕಣ್ಣು ಕೀಳದ
ನಿನ್ನ ಅಕ್ಕ