ಹದಿನಾಲ್ಕನೆಯ ಪ್ರಶ್ನೆ

ಮಿರ್ಯಾಂಗ್
ಮೇ ೧೧, ಶನಿವಾರ

ಮುದ್ದು ಮಗ ತೇಓ,

ಹೇಗಿದ್ದೀಯಪ್ಪಾ? ಬೂಟಿನಿಂದ ಕಾಲಿಗೆ ಬೊಬ್ಬೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಒಣಗಿತೇ? ಒಡೆಯಲು ಹೋಗಬೇಡ. ಸೈನ್ಯದ ತರಬೇತಿ ಮುಗಿಯುವ ತನಕ ನಿನ್ನ ಕೈಗೆ ಫೋನ್ ಸಿಗುವುದಿಲ್ಲ ಎಂಬುದು ಗೊತ್ತಿದ್ದರೂ ನಿನ್ನಪ್ಪ ದಿನಕ್ಕೆರಡು ಸಲ ಫೋನ್ ನೋಡಿಕೊಳ್ಳುತ್ತಾರೆ. ನೀನು ಹೋಗುವ ಮುಂಚೆ ಅಂಗಡಿಯಲ್ಲಿ ಹೇಳಿಟ್ಟಿದ್ದ ಕಾರ್ನೇಷನ್ ಹೂವು ಎಂಟನೇ ತಾರೀಕು, ಅಪ್ಪ-ಅಮ್ಮಂದಿರ ದಿನಕ್ಕೆ ಸರಿಯಾಗಿ ಬಂತು. ಅಪ್ಪ ಅದನ್ನು ಎದೆಗೆ ಸಿಕ್ಕಿಸಿಕೊಂಡು ಆಫೀಸಿಗೆ ಹೋದವರು ಸಂಜೆ ಬರುವಾಗಲೂ ತೆಗೆದಿರಲಿಲ್ಲ. ನಾನು ನನ್ನದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಜಂಬ ಅನ್ನು, ಪರವಾಗಿಲ್ಲ.

ಇನ್ನು ನನ್ನ ಸುದ್ದಿ. ಎರಡನೇ ವರ್ಷದವರ ಮಧ್ಯಾವಧಿ ಪರೀಕ್ಷೆ ಮುಗಿಯಿತು. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎಂದಿನಂತೆ ನನ್ನದೇ. ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಪ್ರಶ್ನೆಯ ಮೇಲೂ ಯಾರೂ ಬೊಟ್ಟು ಮಾಡಿದ್ದಿಲ್ಲ ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೋ, ನಿನ್ನ ಕಿವಿ ತೂತು ಬಿದ್ದಿರಬೇಕು. ನಮಗಿರುವ ಪೀಕಲಾಟ ಗೊತ್ತಲ್ಲ. ಹಿಂದಿನ ವರ್ಷದ ಪ್ರಶ್ನೆಯನ್ನು ಇದ್ದ ಹಾಗೆ ಕೊಡುವಂತಿಲ್ಲ, ಟ್ಯೂಷನ್‌ನವರು ಹತ್ತು ವರ್ಷದ ಪತ್ರಿಕೆಗಳನ್ನೆಲ್ಲ ಕಲೆಹಾಕಿ ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತಾರೆ. ಅದಕ್ಕೇ ಹದಿನಾಲ್ಕನೆಯ ಪ್ರಶ್ನೆಯಲ್ಲಿ ಒಂದೇ ಒಂದು ಪದ ಬದಲಾಯಿಸಿದೆ. ತೆಳು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಫಿನಾಲ್ಫ್ತಲೀನ್ ಹನಿ ಹಾಕಿದರೆ ಏನು ಕಾಣುತ್ತದೆ ಎಂಬುದು ಹಳೆಯ ಪ್ರಶ್ನೆ. ‘ತೆಳು’ ತೆಗೆದು ‘ಗಾಢ’ ಎಂದು ಬರೆದೆ. ಉತ್ತರ ಅದೇ: ಕೆಂಪಾಗುತ್ತದೆ. ನಾಲ್ಕು ಅಂಕ.

ನೂರೆಂಬತ್ತೇಳು ಮಕ್ಕಳಲ್ಲಿ ಬೊಮಿ ಎಂಬ ಹುಡುಗಿ ಮಾತ್ರ ‘ಮೊದಲು ಕೆಂಪಾಗಿ, ಸ್ವಲ್ಪ ಹೊತ್ತಿಗೆ ಬಣ್ಣ ಹೋಗಿಬಿಡುತ್ತದೆ’ ಎಂದು ಬರೆದಿದ್ದಳು. ಸೊನ್ನೆ ಕೊಟ್ಟೆ. ಆ ನಾಲ್ಕು ಅಂಕ ಹೋದದ್ದರಿಂದ ಎಂಟನೆಯವಳಾದಳು. ನೂರಕ್ಕೆ ನಾಲ್ವರಿಗೆ ಮಾತ್ರ ಮೊದಲ ಶ್ರೇಣಿ ಎಂಬ ಲೆಕ್ಕದಲ್ಲಿ ನಮ್ಮಲ್ಲಿ ಏಳು ಜನಕ್ಕಷ್ಟೇ ಜಾಗ. ಅಂಕ ನೋಡಿ ಸಹಿ ಹಾಕುವ ದಿನ ಎಲ್ಲರೂ ಸಾಲಾಗಿ ಬಂದು ಸಹಿ ಹಾಕಿದರು, ಇವಳು ಪೆನ್ನು ಹಿಡಿದು ನಿಂತೇ ಇದ್ದಳು. ಆಮೇಲೆ ಆಕ್ಷೇಪಣೆಯ ಅರ್ಜಿ ಕೊಟ್ಟಳು. “ಮಾರ್ಚ್‌ನಲ್ಲಿ ಪ್ರಯೋಗ ಮಾಡೋವಾಗ ನಾನು ನೀರು ಬೆರೆಸದ ಬಾಟ್ಲಿಂದ ತಗೊಂಡುಬಿಟ್ಟಿದ್ದೆ ಟೀಚರ್. ಆಗ ಬಣ್ಣ ಹೋಯ್ತು. ವರದೀಲೂ ಬರ್ದಿದ್ದೆ, ನೀವು ಎರಡು ಅಂಕ ಕಳೆದ್ರಿ” ಅಂದಳು. ಹೌದು, ಕಳೆದಿದ್ದೆ, ‘ವೀಕ್ಷಣೆಯಲ್ಲಿ ದೋಷ’ ಎಂದು ನನ್ನ ಕೈಯಾರೆ ಬರೆದಿದ್ದೆ. “ಪಠ್ಯಪುಸ್ತಕ ಏನನ್ನುತ್ತೆ ಓದ್ಕೊಂಡು ಬಾರಮ್ಮ” ಎಂದು ಕಳಿಸಿದೆ.

ಮಾರನೆಯ ದಿನ ಅವಳ ತಾಯಿಯ ಫೋನು. ಬಸ್ ನಿಲ್ದಾಣದ ಹಿಂದೆ ಹಂದಿಮಾಂಸದ ಸಾರು-ಅನ್ನದ ಹೋಟೆಲು ನಡೆಸುವ ಹೆಂಗಸು, ಹಿಂದೆ ಪಾತ್ರೆಗಳ ಸದ್ದು. “ತಪ್ಪಾಯ್ತು ಟೀಚರ್, ನಮ್ಮ ಹುಡುಗಿಗೆ ದೊಡ್ಡೋರು ಚಿಕ್ಕೋರು ಅನ್ನೋದೇ ಗೊತ್ತಾಗಲ್ಲ. ಚೆನ್ನಾಗಿ ಉಗಿದಿದ್ದೀನಿ. ನಾಳೆ ಬಂದು ಅರ್ಜಿ ವಾಪಸ್ ತಗೋತಾಳೆ. ಅವಳ ದಾಖಲೆ ಪುಸ್ತಕ ಬರೆಯೋವಾಗ ಮಾತ್ರ ಇದನ್ನ ಮನಸ್ಸಲ್ಲಿ ಇಟ್ಕೋಬೇಡಿ” ಅಂದಳು. ಪ್ರತಿ ಮಗುವಿನ ಬಗ್ಗೆ ನಾನು ಬರೆಯುವ ಆ ನಾಲ್ಕು ಸಾಲು ವಿಶ್ವವಿದ್ಯಾಲಯದವರ ಕೈಗೆ ಹೋಗುತ್ತದೆ, ಅದಕ್ಕೇ ಆ ಭಯ. “ಅಯ್ಯೋ, ಹಾಗೆಲ್ಲ ಏನಿಲ್ಲ” ಅಂದೆ. ಆದರೆ ಫೋನ್ ಇಟ್ಟ ಮೇಲೆ ನೆಮ್ಮದಿಯಾಯಿತು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಬೊಮಿ ಬಂದಳು. ಅರ್ಜಿ ಹಿಂತೆಗೆದುಕೊಳ್ಳುವ ಕಾಗದ ತುಂಬಿ, ಎರಡೂ ಕೈಯಿಂದ ಹಿಡಿದು ಕೊಟ್ಟಳು. ನನಗಿಂತ ಕಿರಿಯರಾದ ಗೂ ಎಂಬ ಮೇಷ್ಟ್ರು ಪಕ್ಕದ ಮೇಜಿನಿಂದ “ಸದ್ಯ, ಮುಗೀತಲ್ಲ ಮೇಡಂ” ಎಂದು ಪಿಸುಗುಟ್ಟಿದರು. ಮುಗಿದೇ ಹೋಗಿತ್ತು, ಕಾಗದ ಕಪಾಟಿಗೆ ಸೇರಿಸಿದ್ದರೆ ಸಾಕಿತ್ತು. ಸುಮ್ಮನಿರಲಾರದೆ ಕೇಳಿದೆ: “ಹಾಗಾದ್ರೆ ನೀನು ಬರೆದದ್ದು ತಪ್ಪು ಅಂತ ಒಪ್ಕೋತೀಯಾ?” ಅವಳು ನೆಲ ನೋಡುತ್ತಾ, “ಇಲ್ಲ ಟೀಚರ್. ಅಮ್ಮ ಹೇಳಿದ್ರು ಅಂತ ಬಂದೆ” ಅಂದಳು.

ನನಗೆ ರೇಗಿತು. ಇಪ್ಪತ್ತಾರು ವರ್ಷದ ಅನುಭವದ ಮುಂದೆ ಹದಿನೇಳರ ಹುಡುಗಿ! ನಡೆ ಪ್ರಯೋಗಶಾಲೆಗೆ, ಕಣ್ಣಾರೆ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದೆ. ಇಬ್ಬರೂ ಕನ್ನಡಕ, ಕೈಗವಸು ಹಾಕಿಕೊಂಡೆವು. ನಾನೇ ಗಾಢ ದ್ರಾವಣ ಮಾಡಿದೆ, ಅದು ತಣ್ಣಗಾಗುವ ತನಕ ಕಾದೆವು. ನಾನೇ ಹನಿ ಹಾಕಿದೆ. ಕೆಂಪಾಯಿತು. “ನೋಡು!” ಅಂದೆ. ಅವಳು ನೋಡುತ್ತಲೇ ಇದ್ದಳು. ಕೆಂಪು ಗುಲಾಬಿಯಾಯಿತು, ಗುಲಾಬಿ ಇನ್ನಷ್ಟು ತೆಳುವಾಯಿತು, ಒಂದು ನಿಮಿಷ ಆಗುವಷ್ಟರಲ್ಲಿ ಕೊಳವೆಯಲ್ಲಿ ನೀರಿನಂಥದ್ದೇ ಉಳಿದಿತ್ತು. ಇನ್ನೊಂದು ಕೊಳವೆಯಲ್ಲಿ ಮಾಡಿದೆ, ಅದೂ ಹಾಗೆಯೇ. ಇಷ್ಟು ವರ್ಷ ಪಾಠ ಮಾಡಿದ್ದೇನೆ ತೇಓ, ಗಾಢ ದ್ರಾವಣಕ್ಕೆ ಒಮ್ಮೆಯೂ ಹನಿ ಹಾಕಿ ನೋಡಿದವಳಲ್ಲ. ಬೊಮಿ ಗೆದ್ದೆ ಎಂದು ನಗಲಿಲ್ಲ. “ಕೊಳವೆ ನಾನು ತೊಳೀತೀನಿ ಟೀಚರ್” ಅಂದಳು ಅಷ್ಟೆ. ನನಗೆ ಅಲ್ಲಿಯೇ ಅಳು ಬಂತು.

ಅವಳ ಕಾಗದವನ್ನು ಅವಳ ಎದುರಿಗೇ ಹರಿದೆ. ಎರಡೂ ಉತ್ತರ ಸರಿ ಎಂದು ಶಾಲೆಯ ಪರೀಕ್ಷಾ ಸಮಿತಿಯಲ್ಲಿ ತೀರ್ಮಾನ ಮಾಡಿಸಿದೆ, ಮಾರ್ಚ್‌ನ ಎರಡು ಅಂಕವನ್ನೂ ಹಿಂದಿರುಗಿಸಿದೆ. ಉಪಪ್ರಾಂಶುಪಾಲರಿಗೆ ಕಾರಣ ವಿವರಿಸುವ ಪತ್ರ ಬರೆದುಕೊಟ್ಟೆ, ನನ್ನ ನೌಕರಿಯಲ್ಲಿ ಇದೇ ಮೊದಲು. ಎರಡನೇ ವರ್ಷದ ಆರೂ ವಿಭಾಗಗಳಿಗೆ ಹೋಗಿ ಪ್ರಶ್ನೆ ಹಾಕಿದವಳೂ ನಾನೇ, ತಪ್ಪು ತಿಳಿದಿದ್ದವಳೂ ನಾನೇ ಎಂದು ಹೇಳಿದೆ. ಏಳರಿಂದ ಎಂಟಕ್ಕೆ ಇಳಿದ ಹುಡುಗನ ತಾಯಿ ಅರ್ಧ ಗಂಟೆ ಫೋನಿನಲ್ಲಿ ಕೂಗಾಡಿದರು, ಕೇಳಿಸಿಕೊಂಡೆ. ತಲೆಯೇನೂ ತಗ್ಗಿಲ್ಲ, ನೀನು ಚಿಂತೆ ಮಾಡಬೇಡ. ಇನ್ನು ಮುಂದೆ ಕಣ್ಣಿಂದ ನೋಡದೆ ಒಂದು ಪ್ರಶ್ನೆಯನ್ನೂ ಹಾಕುವುದಿಲ್ಲ. ಈ ಮುದುಕಿಗೆ ಅಷ್ಟು ಕಸುವು ಇನ್ನೂ ಇದೆ.

ಹೊಟ್ಟೆ ತುಂಬ ತಿನ್ನು. ಜೊತೆಯವರು ಹಿಂದೆ ಬಿದ್ದರೆ ನೆರವಾಗು. ಅಪ್ಪ ತಮ್ಮ ಪ್ರೀತಿಯನ್ನು ನನ್ನ ಕೈಲೇ ಬರೆಸುತ್ತಿದ್ದಾರೆ, ಅವರ ವಿಷಯ ಗೊತ್ತಲ್ಲ. ನೆಟ್ಟಗೆ ಹೋದವನು ನೆಟ್ಟಗೆ ಬಾ ಮಗನೇ.

ನಿನ್ನ
ಅಮ್ಮ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ಎರಡನೇ ವರ್ಷದಲ್ಲಿದ್ದಾಗ ನಿಮ್ಮ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರಿಗೆ ಹೀಗೇ ಒಂದು ಅರ್ಜಿ ಕೊಟ್ಟಿದ್ದೆ. ವಿಷಯ ಗೊತ್ತಾದ ಕೂಡಲೇ ನಾನು “ಮೇಷ್ಟ್ರ ಹತ್ರ ವಾದ ಹಾಕಿ ದಾಖಲೆ ಹಾಳುಮಾಡ್ಕೋತೀಯಾ? ನಾಳೇನೇ ಹೋಗಿ ಕ್ಷಮೆ ಕೇಳು” ಅಂದೆ. ನೀನು ಹೋಗಿ ಕೇಳಿಬಂದೆ. ಆ ಮೇಲೆ ಮನೆಯಲ್ಲಿ ರಸಾಯನಶಾಸ್ತ್ರದ ಮಾತನ್ನೇ ಎತ್ತಲಿಲ್ಲ. ಅದು ಯಾವ ಪ್ರಶ್ನೆ ಎಂದು ನಾನು ಅವತ್ತು ಕೇಳಲೂ ಇಲ್ಲ. ನಿನ್ನ ತಪ್ಪೇ ಇರಬಹುದು, ಅವರ ತಪ್ಪೇ ಇರಬಹುದು, ಆದರೆ ನೋಡದೆ ಹೇಳಿದ್ದು ನನ್ನ ತಪ್ಪು. ಕ್ಷಮಿಸು. ನೆನಪಿದ್ದರೆ ಆ ಪ್ರಶ್ನೆಯನ್ನೂ ನೀನು ಬರೆದ ಉತ್ತರವನ್ನೂ ಕಳಿಸು. ನಾನು ಓದಬೇಕು.