ಬದುವಿನ ಮೇಲೆ ಬಿಟ್ಟ ಕನ್ನಡಕ

ಕೊಪ್ಪ, ಮದ್ದೂರು ತಾಲ್ಲೂಕು
ಫೆಬ್ರವರಿ 12

ಅಪ್ಪನಿಗೆ ವೇಣಿಯ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ನಕ್ಕು ಆಯಿಯ ಕೈಗೆ ಕೊಡುತ್ತೀ, ಅದಕ್ಕೇ ಈ ಕಾರ್ಡು. ಇಲ್ಲಿ ಸಮುದ್ರವಿಲ್ಲ, ಎತ್ತ ನೋಡಿದರೂ ಕಬ್ಬು, ಭತ್ತ. ನಾಟಿ ಹಾಕುವ ಹೆಂಗಸರು ತಲೆಗೆ ಸೆರಗು ಹೊದ್ದರೂ ಗದ್ದೆಯ ನೀರಿಗೆ ಬಿದ್ದ ಬಿಸಿಲು ಕೆಳಗಿನಿಂದ ಕಣ್ಣಿಗೆ ಹೊಡೆಯುತ್ತದೆ. ಅದರ ಅತಿನೇರಳೆ ಕಿರಣ ತಡೆಯಲೆಂದು ಮೊನ್ನೆ ನಮ್ಮ ಕಣ್ಣು ತಪಾಸಣೆಯ ವ್ಯಾನಿನಿಂದ ಕಪ್ಪು ಕನ್ನಡಕ ಹಂಚಿದೆವು.

ಇಂದು ಹೋಗಿ ನೋಡಿದರೆ ಬದುವಿನ ಮೇಲೆ ಚಪ್ಪಲಿಗಳ ಸಾಲು, ಪ್ರತಿ ಜೊತೆಯ ಪಕ್ಕ ಒಂದು ಕನ್ನಡಕ.

"ಭೂಮ್ತಾಯಿ ಕಣವ್ವ. ಮೆಟ್ಟು ಬುಟ್ಟು ಇಳಿಯೋರು ಇದ್ನ ಆಕ್ಕಂಡು ಎಂಗೆ ಇಳಿಯದು?" ಎಂದರು ಗುಂಪಿನ ಹಿರಿಯರಾದ ಪುಟ್ಟಮಾದಮ್ಮ. ಅವರ ಕಣ್ಣಿನ ಬಿಳಿಯ ಮೇಲೂ ನಿನಗಿರುವಂಥದೇ ಮಾಂಸದ ಪೊರೆ ಬಿಸಿಲಿಗೆ ಬೆಳೆದಿದೆ.

ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ನಮ್ಮಪ್ಪನೂ ಬರಿಗಾಲಲ್ಲೇ ಇಳಿಯುತ್ತಾನೆ, ಕನ್ನಡಕ ಮಾತ್ರ ತೆಗೆಯುವುದಿಲ್ಲ ಎಂದು ಸುಳ್ಳು ಹೇಳಿದೆ. ಪುಟ್ಟಮಾದಮ್ಮ ಕೈ ತೊಳೆದು ಬಂದು, ಕನ್ನಡಕವನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡರು. "ನಿಮ್ಮಪ್ಪನೇ ಆಕ್ಕತಾನೆ ಅಂದ್ಮೇಲೆ ನಂದೇನು, ಬುಡು" ಎಂದು ಗದ್ದೆಗೆ ಇಳಿದರು. ಉಳಿದವರೂ ಹಾಗೇ ಮಾಡಿದರು.

ನಾನು ಕಳಿಸಿದ ಕನ್ನಡಕ ಇನ್ನೂ ದೇವರ ಗೂಡಿನಲ್ಲಿ, ಡಬ್ಬಿಯೊಳಗೇ ಇದೆಯೆಂದು ಆಯಿ ಹೇಳಿದ್ದಾಳೆ.

ನಾನು ಆರಾಮ. ರಾಗಿಮುದ್ದೆ ನುಂಗುವುದು ಕಲಿತೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆಯಿಂದಲೇ ಆ ಡಬ್ಬಿ ತೆಗೆ ಅಪ್ಪಾ, ಇಲ್ಲಿ ಹನ್ನೊಂದು ಹೆಂಗಸರು ನಿನ್ನನ್ನು ನಂಬಿ ಗದ್ದೆಗೆ ಇಳಿದಿದ್ದಾರೆ.

ವೇಣಿ