ಮೂರು ಚಮಚ ಉಪ್ಪು

ಅಮ್ಮಾ,

ನೀನು ತೀರಿಕೊಂಡ ಮೇಲೆ ಗಂಜಿ ಖಾತೆ ನನ್ನ ಪಾಲಿಗೆ ಬಂತು. ಎಂಟು ತಿಂಗಳಾದರೂ ಅಪ್ಪ ನನ್ನ ರಾಜೀನಾಮೆ ಸ್ವೀಕರಿಸುತ್ತಿಲ್ಲ. ಅಡುಗೆಯವರನ್ನು ಇಡೋಣವೆಂದರೆ, "ನಿನ್ನ ಕೈಯ ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯಲ್ಲ" ಎನ್ನುತ್ತಾರೆ. ಒಲೆಯಿಂದ ಅವರ ಮಂಚಕ್ಕೆ ಹನ್ನೊಂದು ಹೆಜ್ಜೆ. ನನ್ನ ಲೋಕಸಂಚಾರ ಅಷ್ಟೇ.

ಇವತ್ತು ಕ್ರಾಂತಿಗೆ ಇಳಿದೆ. ಅಪ್ಪನೇ ಬೇಸತ್ತು ನನ್ನನ್ನು ವಜಾ ಮಾಡಲಿ ಎಂದು ಬೇಕಂತಲೇ ಮೂರು ಚಮಚ ಉಪ್ಪು ಸುರಿದೆ. ಅವರು ಮುಖ ಕಿವಿಚಿಕೊಂಡೇ ಬಟ್ಟಲು ಖಾಲಿ ಮಾಡಿದರು.

"ಯಾಕಪ್ಪಾ, ಉಪ್ಪು ಹೆಚ್ಚಾಗಿಲ್ವಾ?"

"ಆಗಿದೆ ಕಣೋ. ಸಾಕಾಗಿಹೋದಾಗೆಲ್ಲ ನಿಮ್ಮಮ್ಮನೂ ಹೀಗೇ ಹಾಕ್ತಿದ್ಲು. ನಾನು ಮಾತಾಡದೆ ಕುಡೀತಿದ್ದೆ. ನಾಳೆ ಸರಿಹೋಗುತ್ತೆ ಬಿಡು."

ನಾಳೆಯ ಅಕ್ಕಿ ನೆನೆಹಾಕಿದ್ದೇನೆ.

ಉಪ್ಪು ಹೆಚ್ಚಾದ ಆ ದಿನಗಳಲ್ಲಿ ನಿನಗೆ ಮರೆವು ಎಂದು ನಾವು ಮಕ್ಕಳು ತಟ್ಟೆ ಬಡಿದು ನಗುತ್ತಿದ್ದೆವಲ್ಲ, ಅಮ್ಮಾ. ನೀನೂ ನಮ್ಮ ಜೊತೆ ನಗುತ್ತಿದ್ದೆ.